ಓದಿದೆ ಎಂದ ಕಾರ್ಡು

ಜಪಾನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬುಲೆಟ್ ರೈಲು, ರೋಬೋಟು. ಅಲ್ಲಿ ವಿದ್ಯಾರ್ಥಿಯಾಗಿ ಒಂದು ವರ್ಷ ಕಳೆದವರಿಗೆ ಮೊದಲು ನೆನಪಾಗುವುದು ಕಾಗದ. ವಾಸದ ಕೋಣೆ ಗೊತ್ತಾದ 14 ದಿನಗಳೊಳಗೆ ವಾರ್ಡ್ ಕಚೇರಿಗೆ ಹೋಗಿ ನಿವಾಸಿ ಕಾರ್ಡಿನ ಬೆನ್ನಿಗೆ ವಿಳಾಸ ಬರೆಸಬೇಕು. ಅದೇ ಕಚೇರಿಯ ಇನ್ನೊಂದು ಕಿಟಕಿಯಲ್ಲಿ ರಾಷ್ಟ್ರೀಯ ಆರೋಗ್ಯ ವಿಮೆ. ಅದು ಕೈಯಲ್ಲಿದ್ದರೆ ಆಸ್ಪತ್ರೆಯ ಖರ್ಚಿನಲ್ಲಿ ಶೇ 30ರಷ್ಟು ಮಾತ್ರ ನಮ್ಮ ಪಾಲು. 20 ತುಂಬಿದ ಪ್ರತಿಯೊಬ್ಬರೂ, ವಿದೇಶಿ ವಿದ್ಯಾರ್ಥಿಗಳೂ ಸೇರಿ, ಪಿಂಚಣಿ ಯೋಜನೆಯ ಲೆಕ್ಕಕ್ಕೆ ಬರುತ್ತಾರೆ. ವಾರಕ್ಕೆ 28 ಗಂಟೆಯವರೆಗೆ ದುಡಿಯಬೇಕೆಂದರೆ ಅದಕ್ಕೆ ಬೇರೆ ಅನುಮತಿ. ಸೈಕಲ್ ಕೊಂಡರೆ ಅದಕ್ಕೂ ನೋಂದಣಿ. ಒಮ್ಮೆ ಹೆಸರು ದಾಖಲಾಯಿತೆಂದರೆ ಮುಂದಿನದೆಲ್ಲ ಅಂಚೆಯ ಮೂಲಕ. ಕೋಣೆಯ ಬಾಗಿಲಿನ ಸೀಳಿನಿಂದ ಲಕೋಟೆಗಳು ಒಳಗೆ ಬಿದ್ದುಕೊಂಡೇ ಇರುತ್ತವೆ.

ನಾನು ಸೆಂದಾಯ್ ನಗರಕ್ಕೆ ಹೋದದ್ದು 2018ರ ಸೆಪ್ಟೆಂಬರ್ ಕೊನೆಯಲ್ಲಿ, ಸಿವಿಲ್ ಎಂಜಿನಿಯರಿಂಗ್‌ನ ವಿನಿಮಯ ವಿದ್ಯಾರ್ಥಿಯಾಗಿ. ತೋಕಿಯೊದಿಂದ ಉತ್ತರಕ್ಕೆ, ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಊರಿನ ನಡುವೆ ಹಿರೋಸೆ ನದಿ ಬಳಸಿಕೊಂಡು ಹರಿಯುತ್ತದೆ, ಪೇಟೆಯ ದೊಡ್ಡ ರಸ್ತೆಗಳ ಮೇಲೆ ಕೆಯಾಕಿ ಮರಗಳ ಚಪ್ಪರ. ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಜಪಾನಿ ಬರಲೇಬೇಕೆಂಬ ಒತ್ತಾಯವಿರಲಿಲ್ಲ. ಆದರೆ ನಾನು ಬೆಂಗಳೂರಿನಲ್ಲಿ ಸಂಜೆ ತರಗತಿಗೆ ಹೋಗಿ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಪರೀಕ್ಷೆಯ ಎನ್4 ಮಟ್ಟ ಪಾಸು ಮಾಡಿದ್ದೆ. ಆ ಮಟ್ಟದವನಿಗೆ ಕಾಂಜಿ ಎಂಬ ಚೀನೀ ಮೂಲದ ಮುನ್ನೂರರಷ್ಟು ಅಕ್ಷರಗಳು ಗೊತ್ತಿರುತ್ತವೆ. ಪತ್ರಿಕೆಯನ್ನೋ ಸರ್ಕಾರಿ ಕಾಗದವನ್ನೋ ಸರಾಗವಾಗಿ ಓದಲು ಬೇಕಾದ ಅಧಿಕೃತ ಪಟ್ಟಿಯಲ್ಲಿರುವುದು 2,136. ಈ ಎರಡು ಅಂಕಿಗಳ ನಡುವಿನ ಅಂತರ ನನಗೆ ಗೊತ್ತಿತ್ತು. ಹಾಸ್ಟೆಲಿನ ಇತರ ಭಾರತೀಯ ಹುಡುಗರಿಗೆ ಗೊತ್ತಿರಲಿಲ್ಲ. ಬಂದ ಮೊದಲ ವಾರವೇ ಅವರ ಕಣ್ಣಿನಲ್ಲಿ ನಾನು 'ಜಪಾನಿ ಬಲ್ಲವನು' ಆದೆ. ಅಂಗಡಿಯಲ್ಲಿ ಮೊಟ್ಟೆಯಿಲ್ಲದ ಬ್ರೆಡ್ ಯಾವುದೆಂದು ಕೇಳಿಕೊಡುವುದು, ಕಸದ ಕ್ಯಾಲೆಂಡರ್ ಬಿಡಿಸಿ ಹೇಳುವುದು ನನ್ನ ಕೆಲಸವಾಯಿತು. ಸೆಂದಾಯಿಯಲ್ಲಿ ಮನೆಕಸಕ್ಕೆ ಹಸಿರು ಚೀಲ, ಪ್ಲಾಸ್ಟಿಕ್ಕಿಗೆ ಕೆಂಪು ಚೀಲ. ಎರಡನ್ನೂ ದುಡ್ಡು ಕೊಟ್ಟು ಕೊಳ್ಳಬೇಕು, ಬೇರೆ ಬೇರೆ ದಿನಗಳಂದು ಇಡಬೇಕು. ಇಷ್ಟನ್ನು ಚಿತ್ರ ನೋಡಿಯೇ ಹೇಳಬಹುದಿತ್ತು. ನಾನು ಓದಿ ಹೇಳಿದವನಂತೆ ಹೇಳಿದೆ.

ಚಿಕ್ಕಂದಿನಿಂದಲೂ ತರಗತಿಯಲ್ಲಿ ಮುಂದಿದ್ದವನು ನಾನು. ತೀರ್ಥಹಳ್ಳಿಯ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು "ಅರ್ಥವಾಯ್ತೇನೋ?" ಎಂದು ಕೇಳಿದರೆ ಆಯ್ತು ಎನ್ನುವುದೇ ಉತ್ತರ. ಆಗಲಿಲ್ಲ ಎಂದವರು ದಡ್ಡರ ಬೆಂಚಿಗೆ ಸೇರುತ್ತಿದ್ದರು. ಆ ಅಭ್ಯಾಸ ನನ್ನೊಂದಿಗೆ ಸೆಂದಾಯಿಗೂ ಬಂತು, ಅಲ್ಲಿ ಅದಕ್ಕೆ ಒಳ್ಳೆಯ ನೆಲವೂ ಸಿಕ್ಕಿತು. ಜಪಾನಿನಲ್ಲಿ ಕೇಳುವವನು ಮಾತಿನ ನಡುನಡುವೆ ತಲೆಯಾಡಿಸುತ್ತ 'ಹಾಯ್, ಹಾಯ್' ಎನ್ನುತ್ತಿರಬೇಕು. ಕಿವಿಗೊಟ್ಟಿದ್ದೇನೆ ಎಂಬುದಕ್ಕೆ ಅದು ಗುರುತು. ಎಲ್ಲಿ ತಲೆಯಾಡಿಸಬೇಕು, ಎಲ್ಲಿ ಉಸಿರೆಳೆದುಕೊಳ್ಳಬೇಕು ಎಂಬುದನ್ನು ನಾನು ಬಹಳ ಬೇಗ ಕಲಿತೆ. ಮಾತು ಮಾತ್ರ ಅಷ್ಟು ಬೇಗ ಬರಲಿಲ್ಲ.

ಒಮ್ಮೆ ನಮ್ಮ ವಿಭಾಗದವರು ಸಮುದ್ರದಂಡೆಯ ಅರಾಹಾಮಾ ಪ್ರಾಥಮಿಕ ಶಾಲೆಗೆ ಕರೆದುಕೊಂಡು ಹೋದರು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಈ ನಾಲ್ಕಂತಸ್ತಿನ ಕಟ್ಟಡದ ಎರಡನೆಯ ಮಹಡಿಯವರೆಗೆ ನೀರು ಬಂದಿತ್ತು. ಮಕ್ಕಳು, ಶಿಕ್ಷಕರು, ಊರಿನವರು ಸೇರಿ 320 ಜನ ಮೇಲೆ ಹತ್ತಿ ಉಳಿದುಕೊಂಡಿದ್ದರು. ಸುತ್ತಲಿನ ಊರು ಉಳಿಯಲಿಲ್ಲ. 2017ರಿಂದ ಶಾಲೆಯನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಿ ಜನರಿಗೆ ತೋರಿಸುತ್ತಿದ್ದಾರೆ. ಬಾಗಿದ ಕಬ್ಬಿಣದ ಕಟಕಟೆಯ ಮುಂದೆ ನಿಂತು ವಯಸ್ಸಾದ ಒಬ್ಬರು ಆ ದಿನದ ಕಥೆ ಹೇಳಿದರು. ಉಳಿದ ವಿದೇಶಿ ವಿದ್ಯಾರ್ಥಿಗಳು ಅನುವಾದಕ್ಕಾಗಿ ಒಬ್ಬರ ಸುತ್ತ ಗುಂಪುಗೂಡಿದರು. ನಾನು ಹೋಗಲಿಲ್ಲ. ಆ ಹಿರಿಯರ ಎದುರಿಗೇ ನಿಂತು, ಅವರ ದನಿ ಇಳಿದಾಗ ತಲೆ ತಗ್ಗಿಸಿ, ಏರಿದಾಗ ಹುಬ್ಬು ಗಂಟಿಕ್ಕಿ ಕೇಳಿದೆ. ಅವರು ಏನು ಹೇಳಿದರೆಂಬುದು ಈಗಲೂ ನನಗೆ ಗೊತ್ತಿಲ್ಲ. ಕೊನೆಗೆ ಅವರು ನನಗೆ ವಿಶೇಷವಾಗಿ ಬಾಗಿ ವಂದಿಸಿದರು. ಅದನ್ನು ನಾನು ಸ್ವೀಕರಿಸಿದೆ.

ಈ ಸ್ವಭಾವದವನ ಮೇಜಿನ ಖಾನೆಯಲ್ಲಿ ಲಕೋಟೆಗಳು ಏಕೆ ಒಡೆಯದೆ ಉಳಿದವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಡೆದರೆ ಓದಲಾಗದ್ದು ಎದುರಾಗುತ್ತಿತ್ತು, ಓದಿಸಬೇಕೆಂದರೆ ಓದಲು ಬರುವುದಿಲ್ಲವೆಂದು ಒಪ್ಪಿಕೊಳ್ಳಬೇಕಿತ್ತು. ನಾಳೆ ನೋಡೋಣ ಎಂದು ಖಾನೆ ಮುಚ್ಚುತ್ತಿದ್ದೆ.

ಸೆನ್ಸೇ, ಅಂದರೆ ನನ್ನ ಗುರು, ಸಿಕ್ಕಿದ್ದು ಬಡಾವಣೆಯ ನಾಗರಿಕ ಕೇಂದ್ರದಲ್ಲಿ. ಜಪಾನಿನ ಬಹುತೇಕ ನಗರಗಳಲ್ಲಿ ಊರಿನವರೇ ಸೇರಿ ವಿದೇಶಿಯರಿಗೆ ಪುಕ್ಕಟೆಯಾಗಿ ಭಾಷೆ ಕಲಿಸುವ ತರಗತಿಗಳಿವೆ. ನಿವೃತ್ತ ಶಿಕ್ಷಕಿಯರು, ಮಕ್ಕಳು ದೂರ ಹೋದ ಗೃಹಿಣಿಯರು, ಕೆಲಸ ಮುಗಿಸಿ ಬಂದ ನೌಕರರು ಒಬ್ಬೊಬ್ಬ ವಿದ್ಯಾರ್ಥಿಯ ಎದುರು ಕುಳಿತು ಪಾಠ ಹೇಳುತ್ತಾರೆ. ನನಗೆ ಸಿಕ್ಕವರು ಎಪ್ಪತ್ತು ದಾಟಿದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಶನಿವಾರಗಳಂದು ಕೆಂಪು ಪೆನ್ಸಿಲ್ಲು, ಥರ್ಮಾಸಿನಲ್ಲಿ ಬಾರ್ಲಿ ಚಹಾ ತಂದು, ನಾನು ಬರೆದ ದಿನಚರಿಯನ್ನು ತಿದ್ದುತ್ತಿದ್ದರು.

ಅಕ್ಟೋಬರಿನಲ್ಲಿ ತರಗತಿಯವರೆಲ್ಲ ಹಿರೋಸೆ ನದಿಯ ದಂಡೆಗೆ ಇಮೊನಿಗಾಗಿ ಹೋದೆವು. ಶರತ್ಕಾಲದಲ್ಲಿ ಆ ಸೀಮೆಯವರು ನದಿಯ ಕಲ್ಲುಗಳ ಮೇಲೆ ಒಲೆ ಹೂಡಿ, ಕೆಸುವಿನ ಗೆಡ್ಡೆಯ ಸಾರು ಕುದಿಸಿ, ಗುಂಪಾಗಿ ಉಣ್ಣುತ್ತಾರೆ. ಸೆಂದಾಯಿಯಲ್ಲಿ ಅದಕ್ಕೆ ಮಿಸೊ ಮತ್ತು ಹಂದಿ ಮಾಂಸ, ಪಕ್ಕದ ಯಾಮಾಗಾತಾದಲ್ಲಿ ಸೋಯಾ ಮತ್ತು ದನದ ಮಾಂಸ. ಯಾವುದು ನಿಜವಾದ ಇಮೊನಿ ಎಂದು ಎರಡೂ ಕಡೆಯವರು ಪ್ರೀತಿಯಿಂದ ಜಗಳಾಡುತ್ತಾರೆ. ನಾನು ಸಸ್ಯಾಹಾರಿ. ಸೆನ್ಸೇಯವರ ಯಜಮಾನರು ನನಗೆಂದೇ ಚಿಕ್ಕ ಪಾತ್ರೆಯೊಂದನ್ನು ಹೊತ್ತು ತಂದಿದ್ದರು. ಮೀನಿನ ರಸ ಹಾಕದೆ, ಕೊಂಬು ಎಂಬ ಸಮುದ್ರಸಸ್ಯವನ್ನು ಹಿಂದಿನ ರಾತ್ರಿಯೇ ನೆನೆಸಿ ತೆಗೆದ ನೀರಿನಲ್ಲಿ ಬೇರೆಯಾಗಿ ಅಡುಗೆ ಮಾಡಿದರು. ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಡಿಮೆ. ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ಗೆಡ್ಡೆಯ ಸಿಪ್ಪೆ ಹೆರೆದೆವು. ಮಲೆನಾಡಿನವನಿಗೆ ಕೆಸುವಿನ ತುರಿಕೆ ಹೊಸದಲ್ಲ. ಮೊದಲು ಕೈಗೆ ಎಣ್ಣೆ ಸವರಿಕೊಳ್ಳಬೇಕೆಂದು ಸನ್ನೆಯಲ್ಲಿ ತೋರಿಸಿದೆ. ಅವರು ಕೈಗೆ ಉಪ್ಪು ತಿಕ್ಕಿಕೊಳ್ಳುವುದನ್ನು ತೋರಿಸಿದರು. ಅಂದು ನನಗೆ ಅರ್ಥವಾಗದೆ ಹೋದದ್ದು ಯಾವುದೂ ಇರಲಿಲ್ಲ. ಆ ಊರಿನಲ್ಲಿ ನಟನೆಯಿಲ್ಲದೆ ಕಳೆದ ಮೊದಲ ಮಧ್ಯಾಹ್ನ ಅದೇ ಇರಬೇಕು.

ನವೆಂಬರಿನಲ್ಲಿ ಸೆನ್ಸೇ ಕೆಲವು ಶನಿವಾರ ಬರಲಿಲ್ಲ. ಅವರ ಜಾಗದಲ್ಲಿ ಕುಳಿತ ಇನ್ನೊಬ್ಬರು ದನಿ ತಗ್ಗಿಸಿ ಏನನ್ನೋ ಹೇಳಿದರು. ನಾನು ಎಂದಿನಂತೆ ತಲೆಯಾಡಿಸಿದೆ. ನೆಗಡಿಯೋ ಪ್ರವಾಸವೋ ಇರಬೇಕೆಂದುಕೊಂಡೆ. ಮೇಜಿನ ಆಚೆಯ ವಿಯೆಟ್ನಾಮಿನ ಹುಡುಗಿ ನನ್ನನ್ನು ನೋಡಿದಳು. ಅವಳನ್ನು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗಿಂತ ನನ್ನ ಜಪಾನಿ ಚೆನ್ನಾಗಿದೆ ಎಂದು ನಾವಿಬ್ಬರೂ ನಂಬಿದ್ದೆವು.

ಡಿಸೆಂಬರಿನ ಆರಂಭದಲ್ಲಿ ಸೆನ್ಸೇಯಿಂದ ಒಂದು ಅಂಚೆಕಾರ್ಡು ಬಂತು. ಬಿಳಿಯ ಕಾರ್ಡು, ತಿಳಿ ಬೂದು ಬಣ್ಣದ ಅಚ್ಚು, ಅಂಚಿನಲ್ಲಿ ಸೇವಂತಿಗೆಯ ಚಿತ್ರ. ಮೇಲಿನಿಂದ ಕೆಳಕ್ಕೆ ಬರೆದ ಸಾಲುಗಳಲ್ಲಿ ನನಗೆ ಗೊತ್ತಿದ್ದ ಅಕ್ಷರಗಳು ಅಲ್ಲೊಂದು ಇಲ್ಲೊಂದು ಹೊಳೆದವು: ವರ್ಷ, ತಿಂಗಳು, ಹನ್ನೊಂದು, ಮತ್ತೆ ವರ್ಷ, ಆರಂಭ. ವರ್ಷ ಮತ್ತು ಆರಂಭ ಜೊತೆಯಾಗಿದ್ದರೆ ಹೊಸ ವರ್ಷದ ಶುಭಾಶಯವಲ್ಲದೆ ಇನ್ನೇನು? ಹೆಸರು ಹೇಳಿ ನನಗೇ ಬರೆದ ಮೊದಲ ಕಾರ್ಡು. ಲಕೋಟೆಗಳ ಖಾನೆಗೆ ಹಾಕಲು ಮನಸ್ಸು ಬರಲಿಲ್ಲ. ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ.

ಮುಂದಿನ ಶನಿವಾರ ಸೆನ್ಸೇ ಬಂದಿದ್ದರು, ಸ್ವಲ್ಪ ಇಳಿದುಹೋಗಿದ್ದರು. ಕಾರ್ಡು ತಲುಪಿತೇ ಎಂದು ಕೇಳಿದರು. ತಲುಪಿತು, ಓದಿದೆ, ಧನ್ಯವಾದ ಎಂದು ತಲೆಬಾಗಿಸಿ ಹೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಅಂದಿನ ಪಾಠದ ಪುಟ ತೆರೆದರು.

ಜಪಾನಿನಲ್ಲಿ ಹೊಸ ವರ್ಷದ ಕಾರ್ಡಿಗೆ ನೆಂಗಾಜೊ ಎನ್ನುತ್ತಾರೆ. ಡಿಸೆಂಬರ್ 25ರೊಳಗೆ ಡಬ್ಬಿಗೆ ಹಾಕಿದರೆ ಅಂಚೆಯವರು ಒಟ್ಟುಗೂಡಿಸಿಟ್ಟು ಜನವರಿ 1ರ ಬೆಳಿಗ್ಗೆಯೇ ಮನೆಮನೆಗೆ ಮುಟ್ಟಿಸುತ್ತಾರೆ. ಅಲ್ಲಿನ ಪ್ರಾಣಿಗಳ ಹೆಸರಿನ ವರ್ಷಚಕ್ರದಲ್ಲಿ 2019 ಕಾಡುಹಂದಿಯ ವರ್ಷ. ನಾನು ಕಾಡುಹಂದಿಯ ಚಿತ್ರವಿದ್ದ ಕಾರ್ಡು ಕೊಂಡು, ಅಭ್ಯಾಸ ಪುಸ್ತಕದಲ್ಲಿ ಹಲವು ಸಲ ಬರೆದು ತಿದ್ದಿ, ದಪ್ಪ ಅಕ್ಷರದಲ್ಲಿ ಹೊಸ ವರ್ಷದ ಅಭಿನಂದನೆ ಬರೆದೆ. ಕೆಳಗೆ, ನಿಮಗೂ ನಿಮ್ಮ ಯಜಮಾನರಿಗೂ ಈ ವರ್ಷ ಸಂತೋಷ ತರಲಿ, ಮತ್ತೆ ಒಟ್ಟಿಗೆ ಕೆಸು ಹೆರೆಯೋಣ ಎಂದು ಸೇರಿಸಿದೆ. ಜನವರಿಯ ಮೊದಲ ತರಗತಿಗೆ ಅಮ್ಮ ಕಳಿಸಿದ್ದ ಮೈಸೂರುಪಾಕಿನ ಡಬ್ಬಿ ಹಿಡಿದು ಹೋಗಿ, ಎಲ್ಲರಿಗೂ ಕೇಳುವಂತೆ ಅದೇ ಅಭಿನಂದನೆಯನ್ನು ಹೇಳಿದೆ. ಕೋಣೆ ಒಂದು ಕ್ಷಣ ಸ್ತಬ್ಧವಾಯಿತು. ಸೆನ್ಸೇ ಎದ್ದು ನಿಂತು ಬಾಗಿ, ಅಭಿನಂದನೆಯ ಮಾತಿಲ್ಲದೆ, ಈ ವರ್ಷವೂ ವಿಶ್ವಾಸವಿರಲಿ ಎಂದಷ್ಟೇ ಹೇಳಿದರು. ಮೈಸೂರುಪಾಕನ್ನು ಎಲ್ಲರಿಗೂ ಅವರೇ ಹಂಚಿದರು.

ಆ ಜನವರಿಯಲ್ಲಿ ಜಪಾನಿನ ತುಂಬ ಇನ್‌ಫ್ಲುಯೆಂಜಾ ಹಬ್ಬಿತ್ತು. ತಿಂಗಳ ಕೊನೆಯಲ್ಲಿ ನಾನೂ ಮಲಗಿದೆ. ಅಲ್ಲಿನ ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗೆ ಒಬ್ಬ ಜಪಾನಿ ಸಹಪಾಠಿಯನ್ನು ಟ್ಯೂಟರ್ ಎಂದು ನೇಮಿಸುವುದುಂಟು. ನನ್ನ ಟ್ಯೂಟರ್ ಹುಡುಗ ಗಂಜಿಯ ಪೊಟ್ಟಣ, ಕಿತ್ತಳೆ ಹಿಡಿದು ಬಂದ. ಜ್ವರ ಇಳಿದ ಮೇಲೆ ಆಸ್ಪತ್ರೆಯ ರಸೀದಿ ಹುಡುಕಲು ಖಾನೆ ಎಳೆದವನು ಅಲ್ಲೇ ನಿಂತ. ಒಂದೊಂದೇ ಲಕೋಟೆ ಒಡೆದು ನೆಲದ ಮೇಲೆ ಜೋಡಿಸಿದ. ಅಕ್ಟೋಬರಿನಿಂದ ಕಟ್ಟದೆ ಉಳಿದ ವಿಮೆಯ ಚೀಟಿಗಳು, ಅವುಗಳ ಹಿಂದೆಯೇ ಬಂದ ಜ್ಞಾಪನ ಪತ್ರಗಳು. ವರಮಾನವಿಲ್ಲವೆಂದು ಒಂದು ಪುಟದ ಘೋಷಣೆ ತುಂಬಿ ಕೊಟ್ಟಿದ್ದರೆ ವಿಮೆಯ ತಲಾ ಕಂತಿನಲ್ಲಿ ಶೇ 70ರಷ್ಟು ಇಳಿಯುತ್ತಿತ್ತು. ಆ ಘೋಷಣೆಯ ನಮೂನೆಯೂ ಅಲ್ಲೇ ಇತ್ತು, ಖಾಲಿಯಾಗಿ. ಪಿಂಚಣಿಯ ವಿನಾಯಿತಿಗೆ ಅರ್ಜಿ ಹಾಕಬಹುದೆಂಬ ಪತ್ರವೂ ಇತ್ತು. ದುಡ್ಡಿನ ಈ ಭಾಗವನ್ನು ಹೆಚ್ಚು ಹೇಳುವುದಿಲ್ಲ. ಅವನೊಂದಿಗೆ ವಾರ್ಡ್ ಕಚೇರಿಗೆ ಹೋಗಿ ಎಲ್ಲವನ್ನೂ ಸರಿಪಡಿಸಿಕೊಳ್ಳಲು ಒಂದು ಬೆಳಗು ಸಾಕಾಯಿತು. ಕಿಟಕಿಯಲ್ಲಿದ್ದ ನೌಕರಳು ಒಂದು ಕಟುಮಾತೂ ಆಡಲಿಲ್ಲ. ಸರಳ ಜಪಾನಿಯಲ್ಲಿ ಬರೆದ ಒಂದು ಕೈಪಿಡಿ ಕೊಟ್ಟಳು. ಅದು ಅಕ್ಟೋಬರಿನಲ್ಲೂ ಅದೇ ಕಿಟಕಿಯಲ್ಲಿ ಇದ್ದಿರಬೇಕು.

ಮರಳಿ ಕೋಣೆಗೆ ಬಂದಾಗ ಅವನ ಕಣ್ಣು ಗೋಡೆಯ ಕಾರ್ಡಿನ ಮೇಲೆ ಬಿತ್ತು. ಇದನ್ನು ಯಾಕೆ ಅಂಟಿಸಿದ್ದೀಯ ಎಂದು ಕೇಳಿದ. ಸೆನ್ಸೇ ಕಳಿಸಿದ ಹೊಸ ವರ್ಷದ ಕಾರ್ಡು ಎಂದೆ. ಅವನು ಕುರ್ಚಿಯ ಮೇಲೆ ಕುಳಿತ. ಆಮೇಲೆ ಇಂಗ್ಲಿಷಿನಲ್ಲಿ, ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿ ಹೇಳಿದ. ನವೆಂಬರಿನಲ್ಲಿ ನನ್ನ ಪತಿ ತೀರಿಕೊಂಡರು. ಮನೆ ಶೋಕದಲ್ಲಿರುವುದರಿಂದ ಈ ಸಲ ವರ್ಷಾಂತ್ಯ, ವರ್ಷಾರಂಭದ ಶುಭಾಶಯಗಳಿಂದ ದೂರವಿರುತ್ತೇವೆ. ಅವರು ಬದುಕಿದ್ದಾಗ ತೋರಿದ ಸ್ನೇಹಕ್ಕೆ ಕೃತಜ್ಞರು.

ಮನೆಯಲ್ಲಿ ಸಾವಾದ ವರ್ಷ ಜಪಾನೀಯರು ನೆಂಗಾಜೊ ಕಳಿಸುವುದಿಲ್ಲ. ಯಾರಿಂದ ಬರುತ್ತದೋ ಅವರಿಗೆ ಮೊದಲೇ, ನವೆಂಬರ್ ಅಥವಾ ಡಿಸೆಂಬರಿನ ಆರಂಭದಲ್ಲಿ, ಶೋಕದ ಕಾರ್ಡು ಬರೆದು ತಿಳಿಸುತ್ತಾರೆ. ಬೂದು ಅಚ್ಚು, ಸೇವಂತಿಗೆ, ಎಲ್ಲ ಅದರ ಗುರುತುಗಳೇ. ನನಗೆ ತಡೆಯಲಾಗದೆ ಹೋದದ್ದು ಈ ಸಂಪ್ರದಾಯ ಹೊಸದೆಂಬ ಕಾರಣಕ್ಕಲ್ಲ, ಇದು ನಮ್ಮದೇ ಎಂಬ ಕಾರಣಕ್ಕೆ. ಅಜ್ಜ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಯುಗಾದಿಯ ಬೇವುಬೆಲ್ಲವಿರಲಿಲ್ಲ, ದೀಪಾವಳಿಗೆ ಎಣ್ಣೆಸ್ನಾನವಿರಲಿಲ್ಲ. ಪಕ್ಕದ ಮನೆಯವರು ಹಬ್ಬದ ಹೋಳಿಗೆಯನ್ನು ಹಬ್ಬದ್ದೆಂದು ಹೇಳದೆ ಮಾರನೆಯ ದಿನ ತಂದಿಟ್ಟುಹೋಗಿದ್ದರು. ಆ ಒಂದು ಕಾರ್ಡನ್ನು ಯಾರಾದರೂ ಓದಿ ಹೇಳಿದ್ದರೆ, ಹಾಸ್ಟೆಲಿನ ಎಲ್ಲ ವಿದೇಶಿಯರಿಗಿಂತ ಮೊದಲು ನನಗೆ ಅರ್ಥವಾಗುತ್ತಿತ್ತು. ಬದಲಿಗೆ ಸತ್ತವರ ಹೆಸರಿಗೇ ನಾನು ಸಂತೋಷ ಹಾರೈಸಿ ಬರೆದೆ. ನವೆಂಬರಿನ ಆರಂಭದ ಸಾವು. ಅವರ ಬೌದ್ಧ ಪದ್ಧತಿಯಂತೆ 49ನೆಯ ದಿನದ ಕ್ರಿಯೆ ಡಿಸೆಂಬರ್ ಕೊನೆಯ ವಾರದಲ್ಲಿ ನಡೆದಿರುತ್ತದೆ. ಅದಾಗಿ ಕೆಲವೇ ದಿನಕ್ಕೆ ನನ್ನ ಕಾಡುಹಂದಿಯ ಕಾರ್ಡು ಆ ಮನೆಗೆ ಬಿದ್ದಿದೆ.

ಟ್ಯೂಟರ್ ಹುಡುಗ ಒಂದು ದಾರಿ ಹೇಳಿದ. ಶೋಕದ ಮನೆಗೆ ಶುಭಾಶಯ ಬರೆಯುವಂತಿಲ್ಲವಾದರೂ, ಹೊಸ ವರ್ಷದ ಗಡಿಬಿಡಿ ಮುಗಿದ ಮೇಲೆ, ಫೆಬ್ರವರಿ ಮೊದಲ ವಾರದ ವಸಂತಾರಂಭದ ದಿನದೊಳಗೆ, ಕಡುಚಳಿಯಲ್ಲಿ ಹೇಗಿದ್ದೀರಿ ಎಂದು ವಿಚಾರಿಸುವ ಪತ್ರ ಬರೆಯುವ ರೂಢಿಯಿದೆ. ಇನ್ನೂ ಒಂದೆರಡು ದಿನ ಉಳಿದಿದೆ, ನಾನು ಬರೆದುಕೊಡುತ್ತೇನೆ ಎಂದ. ಅವನು ಬರೆದರೆ ಮತ್ತೆ ಅದೇ ಆಗುತ್ತಿತ್ತು. ನನಗೆ ಬರುವಷ್ಟು ಜಪಾನಿಯಲ್ಲಿ ನಾನೇ ಬರೆದೆ: ಕಾರ್ಡು ಓದಲು ನನಗೆ ಬರಲಿಲ್ಲ. ಓದಿದೆ ಎಂದು ಸುಳ್ಳು ಹೇಳಿದೆ. ಯಜಮಾನರು ತೀರಿಕೊಂಡದ್ದು ಇಂದು ತಿಳಿಯಿತು. ತುಂಬ ನೋವಾಗಿದೆ. ಕ್ಷಮಿಸಿ.

ಪತ್ರವನ್ನು ಅಂಚೆಗೆ ಹಾಕದೆ ಶನಿವಾರ ಕೈಯಲ್ಲೇ ಕೊಟ್ಟೆ. ಸೆನ್ಸೇ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಅವರು ಹೇಳಿದ್ದು ನಾನು ನಿರೀಕ್ಷಿಸಿದ ಯಾವುದೂ ಆಗಿರಲಿಲ್ಲ. ನಿಧಾನವಾಗಿ, ನನಗೆ ತಿಳಿಯುವ ಪದಗಳನ್ನೇ ಆರಿಸಿ, ಪ್ರತಿ ವಾಕ್ಯಕ್ಕೂ ನನ್ನ ಮುಖ ನೋಡುತ್ತ ಹೇಳಿದರು.

ಡಿಸೆಂಬರಿನಲ್ಲಿ ನಾನು ಸಂತಾಪದ ಒಂದು ಮಾತೂ ಆಡದೆ ಧನ್ಯವಾದವನ್ನಷ್ಟೇ ಹೇಳಿದಾಗ ಅವರಿಗೆ ಆಶ್ಚರ್ಯವಾಗಿತ್ತಂತೆ. ಮನೆಗೆ ಹೋಗಿ ಯೋಚಿಸಿದರಂತೆ. ಭಾರತದಲ್ಲಿ ಸತ್ತವರ ಬಗ್ಗೆ ಮಾತಾಡುವುದು ಸರಿಯಲ್ಲವೇನೋ, ಅದಕ್ಕೆ ಹುಡುಗ ಸುಮ್ಮನಿದ್ದಾನೆ ಎಂದುಕೊಂಡರಂತೆ. ಅದಕ್ಕಾಗಿಯೇ ತಾವೂ ನನ್ನೆದುರು ಯಜಮಾನರ ಮಾತೆತ್ತಲಿಲ್ಲವಂತೆ. ಜನವರಿ 1ರಂದು ನನ್ನ ಕಾರ್ಡು ಬಂದಾಗ ಮಗಳು ಅದನ್ನು ಎತ್ತಿಡಲು ಹೋದಳಂತೆ. ಇವರೇ ತಡೆದರಂತೆ. ಹಿಂದೂಗಳಿಗೆ ಪುನರ್ಜನ್ಮದಲ್ಲಿ ನಂಬಿಕೆ. ಅಪ್ಪ ಹೊಸ ಹುಟ್ಟಿಗೆ ಹೋಗಿದ್ದಾರೆಂದು ಇವನು ಅಭಿನಂದಿಸಿದ್ದಾನೆ, ಮತ್ತೆ ಒಟ್ಟಿಗೆ ಕೆಸು ಹೆರೆಯೋಣ ಎಂದು ಅದಕ್ಕೇ ಬರೆದಿದ್ದಾನೆ ಎಂದು ಮಗಳಿಗೆ ಹೇಳಿ, ಕಾರ್ಡನ್ನು ಮನೆಯ ಬುದ್ಧಪೀಠದಲ್ಲಿ ಯಜಮಾನರ ಭಾವಚಿತ್ರದ ಪಕ್ಕದಲ್ಲಿಟ್ಟರಂತೆ. ಆ ತಿಂಗಳು ಅದನ್ನು ನೋಡಿದಾಗಲೆಲ್ಲ ಮನಸ್ಸು ಹಗುರವಾಗುತ್ತಿತ್ತು ಎಂದರು.

ನಾನು ಏನನ್ನು ಒಪ್ಪಿಕೊಂಡರೂ ಒಬ್ಬನ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಹೇಡಿತನಕ್ಕೆ ಅವರು ನನ್ನ ದೇಶದ ಹೆಸರು ಕೊಟ್ಟು, ಅದಕ್ಕೆ ಮರ್ಯಾದೆಯನ್ನೂ ಕೊಟ್ಟಿದ್ದರು. ಪರದೇಶದಲ್ಲಿರುವವನ ಸುಳ್ಳು ಅವನೊಬ್ಬನದಾಗಿ ಉಳಿಯುವುದಿಲ್ಲ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಎದುರಿನವರು ಒಳ್ಳೆಯವರಾದಷ್ಟೂ ಅದಕ್ಕೆ ಒಂದು ಸಂಸ್ಕೃತಿಯನ್ನು, ಒಂದು ಧರ್ಮವನ್ನು ಹುಡುಕಿ ಹೊಂದಿಸುತ್ತಾರೆ. ನಮ್ಮನ್ನು ಕೆಟ್ಟವರೆಂದು ತಿಳಿಯಲು ಇಷ್ಟವಿಲ್ಲದವರು ನಮ್ಮ ಬಗ್ಗೆ ಕಥೆ ಕಟ್ಟಿಕೊಳ್ಳಬೇಕಾಗುತ್ತದೆ. ಅರಾಹಾಮಾ ಶಾಲೆಯ ಆ ಹಿರಿಯರು ನನ್ನ ಬಗ್ಗೆ ಏನೆಂದುಕೊಂಡು ಬಾಗಿದರೋ.

ಇನ್ನೂ ಕಷ್ಟವಾದದ್ದು ಮುಂದಿತ್ತು. ನನ್ನ ಪತ್ರ ಅವರಿಂದ ಆ ಸಮಾಧಾನವನ್ನು ಕಿತ್ತುಕೊಂಡಿತ್ತು. ಸುಮ್ಮನಿದ್ದಿದ್ದರೆ ಅದು ಅವರೊಂದಿಗೇ ಉಳಿಯುತ್ತಿತ್ತಲ್ಲವೇ? ಆ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಅಂದು ಹೇಳಲು ಹೊಳೆದದ್ದು ಒಂದೇ: ಇಲ್ಲ ಸೆನ್ಸೇ, ನಮ್ಮಲ್ಲೂ ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ಅವರು ಮುಂದಕ್ಕೆ ಬಾಗಿ, ಹೌದೇ, ಒಂದು ವರ್ಷವೇ ಎಂದು ಕೇಳಿದರು. ಅಜ್ಜನ ಸಾವಿನ ವರ್ಷವನ್ನು ನನ್ನ ಮುರುಕು ಜಪಾನಿಯಲ್ಲಿ ಹೇಳಿದೆ. ಹತ್ತನೆಯ ದಿನ ಕಾಗೆಗೆ ಪಿಂಡ ಇಡುವುದು, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ತಿಂಗಳು ತಿಂಗಳಿನ ಮಾಸಿಕ, ವರ್ಷಾಬ್ದಿಕ. ಅವರು ತಮ್ಮ ಏಳನೆಯ ದಿನ, 49ನೆಯ ದಿನ, ಒಂದನೆಯ ವರ್ಷದ ಲೆಕ್ಕ ಹೇಳಿದರು. ಪದ ಸಿಗದಾಗ ನಿಲ್ಲಿಸಿ, ಅರ್ಥವಾಗಲಿಲ್ಲ ಎಂದೆ. ಅವರು ಚಿತ್ರ ಬರೆದು ತೋರಿಸಿದರು. ತರಗತಿಯ ಸಮಯ ಮುಗಿದು ಕೇಂದ್ರದವರು ದೀಪ ಆರಿಸಲು ಬರುವವರೆಗೆ ಯಜಮಾನರ ಬಗ್ಗೆಯೇ ಮಾತಾಡಿದೆವು. ನನ್ನೊಂದಿಗೆ ಅವರು ಮಾತಾಡದೆ ಉಳಿಸಿಕೊಂಡಿದ್ದು ಅಷ್ಟಿತ್ತು. ಹೊರಡುವ ಮೊದಲು ನಾನೇ ಕೇಳಿದ್ದಕ್ಕೆ, ಪತ್ರವನ್ನು ಮತ್ತೆ ಬಿಡಿಸಿ, ಕೆಂಪು ಪೆನ್ಸಿಲ್ಲಿನಿಂದ ವಿಭಕ್ತಿಗಳನ್ನು ತಿದ್ದಿ ಕೊಟ್ಟರು.

ಏಪ್ರಿಲಿನಲ್ಲಿ, ಚೆರ್ರಿ ಹೂ ಬಿಡುವ ಹೊತ್ತಿಗೆ, ಅವರು ನನ್ನನ್ನು ಕತಾಹಿರಾ ಎಂಬಲ್ಲಿಗೆ ಕರೆದುಕೊಂಡು ಹೋದರು. ತೊಹೊಕು ವಿಶ್ವವಿದ್ಯಾಲಯದ ಹಳೆಯ ಆವರಣ ಅದು. ಚೀನಾದ ದೊಡ್ಡ ಲೇಖಕ ಲು ಶುನ್ 1904ರಲ್ಲಿ ಸೆಂದಾಯಿಯ ವೈದ್ಯಕೀಯ ಶಾಲೆಗೆ ವಿದ್ಯಾರ್ಥಿಯಾಗಿ ಬಂದಿದ್ದ. ಅವನು ಕುಳಿತು ಪಾಠ ಕೇಳಿದ ಮೆಟ್ಟಿಲುಮೆಟ್ಟಿಲಾದ ತರಗತಿ ಕೋಣೆ ಅಲ್ಲಿ ಉಳಿದಿದೆ. ಅಂಗರಚನೆಯ ಅಧ್ಯಾಪಕ ಫುಜಿನೊ ಗೆಂಕುರೊ ಈ ಪರದೇಶಿ ಹುಡುಗನ ಟಿಪ್ಪಣಿ ಪುಸ್ತಕಗಳನ್ನು ತರಿಸಿಕೊಂಡು, ಭಾಷೆಯ ತಪ್ಪುಗಳನ್ನೂ ಬಿಡದೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಿದ್ದರು. 1906ರಲ್ಲಿ ಲು ಶುನ್ ವೈದ್ಯಕೀಯ ಬಿಟ್ಟು ಹೊರಟ. ಹೊರಡುವಾಗ ಅಧ್ಯಾಪಕರು ತಮ್ಮ ಭಾವಚಿತ್ರ ಕೊಟ್ಟು, ಪತ್ರ ಬರೆಯುತ್ತಿರು ಎಂದರು. ಅವನು ಬರೆಯಲೇ ಇಲ್ಲ. ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದು ಮೊದಲು ತಡವಾಯಿತು, ತಡವಾದಷ್ಟೂ ಬರೆಯುವುದು ಕಷ್ಟವಾಯಿತು ಎಂದು 1926ರಲ್ಲಿ ತನ್ನ ಗುರುವಿನ ಮೇಲೆ ಬರೆದ ಪ್ರಬಂಧದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆ ಭಾವಚಿತ್ರ ಮಾತ್ರ ಬೀಜಿಂಗಿನ ಅವನ ಕೋಣೆಯ ಗೋಡೆಯಲ್ಲಿತ್ತು. 1935ರಲ್ಲಿ ಅವನ ಬರಹಗಳ ಜಪಾನಿ ಆಯ್ಕೆ ಬಂದಾಗ ಈ ಪ್ರಬಂಧ ಅದರಲ್ಲಿ ಇರಬೇಕೆಂದು ಬಯಸಿದ. ಗುರುವಿನ ಸುದ್ದಿ ತಿಳಿಯಬಹುದೆಂಬ ಆಸೆ. ಮರುವರ್ಷ ಅಕ್ಟೋಬರಿನಲ್ಲಿ ತೀರಿಕೊಂಡ. ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಸೆನ್ಸೇ ಇದನ್ನು ನನಗೆ ಬುದ್ಧಿಮಾತಾಗಿ ಹೇಳಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಊರಿನ ಕಥೆ ಎಂದು ಹೇಳಿದರು. ನನಗೆ ನನ್ನ ಖಾನೆ ನೆನಪಾಯಿತು. ಲು ಶುನ್‌ನಂಥವನಿಗೂ ಹಾಗಾಯಿತೆಂದು ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು. ಮೊದಲ ವಾರ ಒಂದು ನಾಚಿಕೆಯ ಮಾತಿನಲ್ಲಿ ಮುಗಿಯುವುದು, ಮೂವತ್ತು ವರ್ಷವಾದರೂ ಮುಗಿಯದೆ ಉಳಿಯಬಹುದು.

ಅಲ್ಲಿಂದ ಮುಂದೆ ನಮ್ಮ ಶನಿವಾರದ ಪಾಠಕ್ಕೆ ಪುಸ್ತಕವಿರಲಿಲ್ಲ. ಆ ವಾರ ಬಂದ ಲಕೋಟೆಗಳೇ ಪಾಠ. ಮೇ 1ರಂದು ಹೊಸ ಚಕ್ರವರ್ತಿಯ ರೇವಾ ಯುಗ ಆರಂಭವಾಯಿತು. ಅಚ್ಚಾದ ನಮೂನೆಗಳಲ್ಲಿ ಹಿಂದಿನ ಹೇಸೇ ಯುಗದ ಹೆಸರು ಹೊಡೆದುಹಾಕಿ ಹೊಸದನ್ನು ಬರೆಯುವುದನ್ನು ಅವರೂ ನನ್ನೊಂದಿಗೇ ಅಭ್ಯಾಸ ಮಾಡಿದರು. ನೀರಿನ ಬಿಲ್ಲು, ದಂತವೈದ್ಯರ ಪ್ರಚಾರಪತ್ರ, ಭೂಕಂಪದ ತಾಲೀಮಿನ ಸೂಚನೆ, ಎಲ್ಲ ಓದಿದೆವು. ಹಾಸ್ಟೆಲಿನ ಹುಡುಗರಿಗೆ ನನಗೆ ಓದಲು ಬರುವುದಿಲ್ಲವೆಂದು ಹೇಳಿದೆ. ಮೂವರು ತಮ್ಮ ತಮ್ಮ ಖಾನೆಯಿಂದ ಲಕೋಟೆ ತೆಗೆದುಕೊಂಡು ಬಂದರು. ನನ್ನನ್ನು ಕೇಳಲು ಅವರಿಗೂ ಸಂಕೋಚವಿತ್ತಂತೆ. ಸೆನ್ಸೇ ಅವರನ್ನೂ ಶನಿವಾರಕ್ಕೆ ಬರಹೇಳಿದರು.

ಆಗಸ್ಟಿನ ಓಬೊನ್ ಯಜಮಾನರಿಗೆ ಮೊದಲ ಓಬೊನ್ ಆಗಿತ್ತು. ಸತ್ತವರು ಮನೆಗೆ ಬಂದುಹೋಗುವ ಆ ದಿನಗಳಲ್ಲಿ ಮೊದಲ ವರ್ಷದವರಿಗಾಗಿ ಬಿಳಿಯ ಲಾಟೀನು ತೂಗುಹಾಕುತ್ತಾರೆ. ಅವರು ಬೇಗ ಬರಲೆಂದು ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ, ನಿಧಾನವಾಗಿ ಮರಳಲೆಂದು ಬದನೆಕಾಯಿಯ ಹಸು. ಸೆನ್ಸೇ ನನ್ನನ್ನೂ ಕರೆದಿದ್ದರು. ಬುದ್ಧಪೀಠದಲ್ಲಿ ಕಾಡುಹಂದಿಯ ಕಾರ್ಡು ಆಗಲೂ ಇತ್ತು. ತೆಗೆದುಬಿಡಿ ಎಂದು ಬೇಡಿಕೊಂಡೆ. ಅವರಿಗೆ ಬಂದ ಕಾರ್ಡು, ನಿನಗೆ ಕೊಡಲಾಗುವುದಿಲ್ಲ ಎಂದರು.

ಊರಿಗೆ ಬಂದ ಮೇಲೆ ಪ್ರತಿ ವರ್ಷ ಪತ್ರ ಬರೆಯುತ್ತಿದ್ದೇನೆ. ಜಪಾನಿನಲ್ಲಿ ಈಗ ನೆಂಗಾಜೊ ಕಡಿಮೆಯಾಗುತ್ತಿದೆ. 2024ರ ಅಕ್ಟೋಬರಿನಲ್ಲಿ ಅಂಚೆಕಾರ್ಡಿನ ದರ 63 ಯೆನ್‌ನಿಂದ 85ಕ್ಕೆ ಏರಿದ ಮೇಲಂತೂ, ಇನ್ನು ಮುಂದೆ ಕಾರ್ಡು ಕಳಿಸುವುದಿಲ್ಲ ಎಂದು ಕೊನೆಯದೊಂದು ಕಾರ್ಡಿನಲ್ಲಿ ತಿಳಿಸುವ ಹಿರಿಯರು ಹೆಚ್ಚಿದ್ದಾರೆ. ಸೆನ್ಸೇಯವರಿಂದಲೂ ಅಂಥದು ಬಂತು. ಅಚ್ಚಿನ ಭಾಗವನ್ನು ನಿಘಂಟು ಹಿಡಿದು ಓದಿದೆ. ಅಂಚಿನಲ್ಲಿ ಕೈಬರಹದ ಒಂದು ಸಾಲಿತ್ತು, ಎಷ್ಟು ನೋಡಿದರೂ ಬಿಡಿಸಲಾಗಲಿಲ್ಲ. ಫೋನ್ ಮಾಡಿ, ಸೆನ್ಸೇ, ಆ ಸಾಲು ಓದಲು ಬರಲಿಲ್ಲ ಎಂದೆ. ಮಂಡಿನೋವು, ಈ ಮನೆಯ ಮೆಟ್ಟಿಲು ಹತ್ತಲಾಗುತ್ತಿಲ್ಲ, ಮುಂದಿನ ತಿಂಗಳು ಮಗಳ ಮನೆಗೆ ಹೋಗುತ್ತಿದ್ದೇನೆ, ಅದು ಅಲ್ಲಿನ ವಿಳಾಸ ಎಂದರು. ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಊರಿನ ಹೆಸರಿನಲ್ಲಿ ಒಂದು ಅಕ್ಷರ ನಾನು ಕೇಳಿಯೇ ಇರಲಿಲ್ಲ. ಅದನ್ನು ಹೇಗೆ ಬರೆಯುವುದೆಂದು ಕೇಳಿದೆ.